ಚೀಟಿಯಿಲ್ಲದ ಕಛೇರಿ, ಬೆಳಗಿನವರೆಗೆ ಹಾಡು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಮಾದಪ್ಪನ ಕಥೆ ಕೇಳಲು ಕಾಸು ಕೊಡಬೇಕಿಲ್ಲ. ಮಂಟೇಸ್ವಾಮಿಯ ಕಥೆಗೂ ಅಷ್ಟೆ. ಹಾಡುವವರು ನೆರೆಯೂರಿನವರೇ. ಕೂತು ಕೇಳುವ ಮಕ್ಕಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸಂಗೀತ ಕಛೇರಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ವೇದಿಕೆ, ಸಾಲು ಕುರ್ಚಿ, ಮೈಕು, ಮುಂದಿನ ಸಾಲಿನಲ್ಲಿ ಗಣ್ಯರು, ಬಾಗಿಲಲ್ಲಿ ಟಿಕೆಟ್ ಹರಿಯುವವರು. ಇವು ಯಾವುವೂ ಇಲ್ಲದ ಕಛೇರಿಯೊಂದು ನಮ್ಮ ರಾಜ್ಯದ ತೆಂಕಣ ತುದಿಯಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಮನೆಯ ಜಗಲಿ, ಊರ ಚಾವಡಿ, ದೇವಸ್ಥಾನದ ಪಡಸಾಲೆ ಇದರ ರಂಗಮಂದಿರ. ಒಂದು ಚಾಪೆ, ಒಂದು ಕಂಬಳಿ, ಎಣ್ಣೆ ತುಂಬಿದ ದೀಪ ಇದರ ಸಜ್ಜು. ರಾತ್ರಿ ಊಟ ಮುಗಿದ ಮೇಲೆ ಶುರುವಾದರೆ ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಇದನ್ನು ಕಛೇರಿ ಎಂದು ಈ ಕಡೆಯ ಜನ ಕರೆಯುವುದಿಲ್ಲ. ‘ಕಥೆ ಮಾಡಿಸುವುದು’ ಎನ್ನುತ್ತಾರೆ.

ಮಗುವಿಗೆ ಕಾಯಿಲೆ ವಾಸಿಯಾದರೆ, ಹೊಸ ಮನೆ ಎದ್ದು ನಿಂತರೆ, ಬಹಳ ದಿನಗಳ ಮೇಲೆ ಕೂಸು ಹುಟ್ಟಿದರೆ ಮಾದಪ್ಪನ ಕಥೆ ಮಾಡಿಸುತ್ತೇವೆಂದು ಹರಕೆ ಹೊರುತ್ತಾರೆ. ಹರಕೆ ಹೊತ್ತ ಮನೆಯವರು ಹಾಡುಗಾರರನ್ನು ಕರೆಸಿ ಉಣ್ಣಿಸಿ, ವೀಳ್ಯ ಕೊಟ್ಟು, ಕೈಲಾದಷ್ಟು ಕಾಣಿಕೆ ಇಡುತ್ತಾರೆ. ಖರ್ಚು ಒಂದು ಮನೆಯದು. ಕೇಳುವ ಹಕ್ಕು ಮಾತ್ರ ಇಡೀ ಊರಿನದು. ಬೀದಿಯಲ್ಲಿ ಹೋಗುವವನೂ ಬಂದು ಕೂರಬಹುದು. ಉಚಿತ ಕಛೇರಿ ಎಂಬ ಮಾತು ನಗರಗಳಲ್ಲಿ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಇಲ್ಲಿ ಅದು ಬದುಕಿನ ರೀತಿಯೇ ಆಗಿತ್ತು.

ಸೀಮೆಯ ಸ್ವಭಾವ

ಚಾಮರಾಜನಗರ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಮೈಸೂರು ಜಿಲ್ಲೆಯ ಭಾಗ. ಅದಕ್ಕೂ ಹಿಂದೆ ಊರಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವೆಂದು ಊರಿಗೆ ಅವರ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಆಷಾಢದ ರಥೋತ್ಸವಕ್ಕೆ ಇಂದಿಗೂ ನವದಂಪತಿಗಳು ಸಾಲುಗಟ್ಟುವುದು ಈ ಗುಡಿಯ ಮುಂದೆಯೇ.

ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ಬೆಟ್ಟ. ಪಶ್ಚಿಮಕ್ಕೆ ಗುಂಡ್ಲುಪೇಟೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಾಡು. ಕನ್ನಡಿಗರ ಮನೆಮಾತಾದ ನಟ ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿಗೆ ಕೂಗಳತೆಯ ದೂರದಲ್ಲಿದ್ದರೂ ಈಗ ತಮಿಳುನಾಡಿಗೆ ಸೇರಿದೆ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯಲ್ಲಿ ಹೆಸರು ಮಾಡಿದವರು. ಹಾಡೂ ಮಾತೂ ಈ ಮಣ್ಣಿಗೆ ಹೊಸತಲ್ಲ.

ಬಂಡೀಪುರದ ಹೆದ್ದಾರಿಯಲ್ಲಿ ಕಾಡುಪ್ರಾಣಿಗಳ ರಕ್ಷಣೆಗೆಂದು 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆ ರಸ್ತೆಯ ಗದ್ದಲ ತಗ್ಗುವ ಒಂಬತ್ತು ಗಂಟೆಯೇ ಹಳ್ಳಿಗಳಲ್ಲಿ ತಂಬೂರಿಯ ತಂತಿ ಬಿಗಿಯುವ ಹೊತ್ತು.

ಹಾಡುವವರು ಯಾರು?

ಮಲೆ ಮಹದೇಶ್ವರನ ಕಥೆ ಹಾಡುವವರು ದೇವರಗುಡ್ಡರು. ‘ಗುಡ್ಡ’ ಎಂದರೆ ಇಲ್ಲಿ ಬೆಟ್ಟವಲ್ಲ, ಶಿಷ್ಯ. ಗುರುವಿನಿಂದ ದೀಕ್ಷೆ ಪಡೆದು ಕಂಸಾಳೆ ಹಿಡಿದವರು ಇವರು. ಜೋಳಿಗೆ ಹಿಡಿದು ಮನೆಮನೆಗೆ ಹೋಗುವುದೂ ದೀಕ್ಷೆಯ ಕಟ್ಟಳೆಯೇ. ಅದು ಬಡತನದ ಗುರುತಲ್ಲ, ಅಹಂಕಾರ ಕರಗಿಸುವ ದಾರಿ ಎಂದು ಅವರ ನಂಬಿಕೆ.

ಕಂಸಾಳೆ ಕಂಚಿನ ವಾದ್ಯ. ಅದರಲ್ಲಿ ಎರಡು ಭಾಗ. ಬಟ್ಟಲಿನಂಥ ತಾಳ ಎಡ ಅಂಗೈಯಲ್ಲಿ. ಚಪ್ಪಟೆ ತಾಳಕ್ಕೆ ಉದ್ದನೆಯ ದಾರ, ದಾರಕ್ಕೆ ಗೊಂಡೆ, ಅದು ಬಲಗೈಯಲ್ಲಿ. ಕೂತು ಕಥೆ ಹಾಡುವಾಗ ಕಂಸಾಳೆ ಮೆಲ್ಲಗೆ ತಾಳ ಹಾಕುತ್ತದೆ. ಎದ್ದು ಕುಣಿದರೆ ಅದು ‘ಬೀಸು ಕಂಸಾಳೆ’. ಆಗ ತಾಳವನ್ನು ತಲೆಯ ಸುತ್ತ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಬೀಸಿ ಬಟ್ಟಲಿಗೆ ತಾಗಿಸಬೇಕು. ಪಕ್ಕದವನ ಬಟ್ಟಲಿಗೂ ತಾಗಿಸಬೇಕು. ಒಂದು ಗೇಣು ತಪ್ಪಿದರೆ ಪಕ್ಕದವನ ಹಣೆ ಒಡೆಯುತ್ತದೆ! ಮೈಯೆಲ್ಲ ಕಣ್ಣಾಗಿರಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು. ಬಹುಪಾಲು ದಲಿತ ಕುಟುಂಬಗಳವರು. ಇತರ ಜಾತಿಗಳವರೂ ಉಂಟು. ತಂಬೂರಿ, ಡಕ್ಕೆ, ಗಗ್ಗರ, ತಾಳ ಇವರ ವಾದ್ಯಗಳು. ಮುಂದಾಳು ಗಾಯಕ ಒಬ್ಬ. ಅವನು ಕಥೆಯನ್ನು ಮಾತಿನಲ್ಲಿ ಹೇಳುತ್ತ, ಭಾವ ಉಕ್ಕಿದಲ್ಲಿ ಹಾಡಿಗೆ ತಿರುಗುತ್ತಾನೆ. ಸಾಲಿನ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಹಿಮ್ಮೇಳ ಹಾಡುವ ಆ ಅರೆಗಳಿಗೆಯಲ್ಲೇ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಯುತ್ತಾನೆ. ಕಾಗದ ಇಲ್ಲ, ಪುಸ್ತಕ ಇಲ್ಲ. ರಾತ್ರಿಯಿಡೀ ನಡೆಯುವ ಕಥೆ ನಾಲಿಗೆಯ ಮೇಲಿದೆ.

ಇವರಲ್ಲದೆ ಕಂಬಳಿಯ ಉಡುಪು, ಕರಡಿ ಕೂದಲಿನ ಕುಲಾವಿ ತೊಟ್ಟು, ಡಮರುಗ ನುಡಿಸುತ್ತ, ಪಿಳ್ಳಂಗೋವಿ ಊದುತ್ತ ಕುಣಿಯುವ ಗೊರವರಿದ್ದಾರೆ. ಅವರು ಮೈಲಾರಲಿಂಗನ ಒಕ್ಕಲು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಗಂಡು ಹೆಣ್ಣು ಸೇರಿ ವೃತ್ತ ಕಟ್ಟಿ ಹಾಡುವ ಗೊರುಕನ ಪದಗಳಿವೆ. ಮದುವೆ ಮನೆಯಲ್ಲಿ ಹೆಂಗಸರ ಸೋಬಾನೆ ಇದೆ. ಇವೆಲ್ಲದರಲ್ಲೂ ಸಮಾನವಾದ ಅಂಶ ಒಂದೇ: ಹಾಡುವವರೂ ಕೇಳುವವರೂ ಒಬ್ಬರಿಗೊಬ್ಬರು ಗುರುತಿನವರು.

ಕಥೆಯೊಳಗೆ ಏನಿದೆ?

ಇವು ಬರೀ ಭಜನೆಯ ಹಾಡುಗಳೆಂದು ತಿಳಿದವರೇ ಹೆಚ್ಚು. ನಿಜವಾಗಿ ಇವು ಮಹಾಕಾವ್ಯಗಳು. ಕಾವ್ಯದ ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು.

ಮಾದಪ್ಪನ ಕಾವ್ಯದಲ್ಲಿ ಶ್ರವಣನೆಂಬ ದುಷ್ಟ ದೊರೆಯನ್ನು ಉಪಾಯದಿಂದ ಗೆಲ್ಲುವ ಕಥೆಯಿದೆ. ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟವನನ್ನು ಸೋಲಿಸಲು ಮಾದಪ್ಪ ನೆಚ್ಚುವುದು ಖಡ್ಗವನ್ನಲ್ಲ, ಹರಳಯ್ಯ ಹೊಲಿದ ಪಾದರಕ್ಷೆಯನ್ನು. ಶಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲವನ್ನು ಶಂಕಿಸಿ, ತನ್ನ ಕೈಗೆ ಭಾಷೆ ಕೊಡು ಎಂದು ಹಟ ಹಿಡಿಯುತ್ತಾನೆ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕು? ಶಂಕಮ್ಮ ಒಪ್ಪುವುದಿಲ್ಲ. ಗಂಡ ಕೊಡುವ ಚಿತ್ರಹಿಂಸೆಯನ್ನು ತಾಳಿಕೊಂಡು ನಿಂತ ಅವಳಿಗೆ ಮಾದಪ್ಪ ಒಲಿದು ಅವಳಿ ಮಕ್ಕಳ ಭಾಗ್ಯ ಕೊಡುತ್ತಾನೆ. ನಡುರಾತ್ರಿ ಈ ಸಾಲು ಹಾಡುವಾಗ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೆಣ್ಣಿನ ಘನತೆಯ ಬಗ್ಗೆ ಇಂದು ಶಾಲೆಗಳಲ್ಲಿ ಭಾಷಣ ಮಾಡುತ್ತೇವೆ. ಓದು ಬಾರದ ಗಾಯಕರು ಅದನ್ನು ಕಥೆ ಮಾಡಿ ಹಾಡಿಕೊಂಡು ಬಂದಿದ್ದಾರೆ.

ಮಂಟೇಸ್ವಾಮಿ ಕಾವ್ಯ ತೆರೆದುಕೊಳ್ಳುವುದು ಬಸವಣ್ಣನವರ ಕಲ್ಯಾಣದಲ್ಲಿ. ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ಕೊಳಕು ವೇಷದಲ್ಲಿ ಮಂಟೇಸ್ವಾಮಿ ಬಾಗಿಲಿಗೆ ಬರುತ್ತಾನೆ. ಸಮಾನತೆಯ ಮಾತಾಡುವ ಊರಿನಲ್ಲೇ ಒಳಗೆ ಬಿಡಲು ಕಾವಲಿನವರು ಹಿಂಜರಿಯುತ್ತಾರೆ. ಬಸವಣ್ಣ, ನೀಲಮ್ಮ ಅವನನ್ನು ಗುರುತಿಸುತ್ತಾರೆ. ಮುಂದೆ ಕಥೆ ದಕ್ಷಿಣಕ್ಕೆ ನಡೆದು, ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವ ಸಿದ್ದಪ್ಪಾಜಿಯ ಸಾಹಸಕ್ಕೆ ಬಂದು ನಿಲ್ಲುತ್ತದೆ. ನುಡಿದಂತೆ ನಡೆಯುತ್ತಿದ್ದೇವೆಯೇ ಎಂದು ದೊಡ್ಡವರನ್ನೇ ಪರೀಕ್ಷೆಗೆ ಒಡ್ಡುವ ಕಾವ್ಯ ಇದು.

ಈ ಹಾಡು ಕೇಳಲು ಒಂದೇ ಕಡೆ ಸಾವಿರಾರು ಜನ ಸೇರುವ ಸ್ಥಳ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು. ಜನವರಿಯ ಸುಮಾರಿಗೆ ಬರುವ ಬನದ ಹುಣ್ಣಿಮೆಯಂದು ಚಂದ್ರಮಂಡಲದೊಂದಿಗೆ ಅಲ್ಲಿ ಐದು ದಿನದ ಜಾತ್ರೆ ತೊಡಗುತ್ತದೆ. ಜಾತಿ ಮತ ನೋಡದೆ ಒಟ್ಟಿಗೆ ಕೂತು ಉಣ್ಣುವ ಪಂಕ್ತಿಸೇವೆ ಆ ಜಾತ್ರೆಯ ಹೆಗ್ಗಳಿಕೆ. ಹನೂರು ತಾಲ್ಲೂಕಿನ ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗೆ ಹರಿದು ಬರುವ ಪರಿಸೆಯಲ್ಲೂ ದಾರಿಯುದ್ದಕ್ಕೂ ಹಾಡೇ ಹಾಡು.

ಹವಾಯಿಯಿಂದ ಒಂದು ಪಾಠ

ಹಾಡು ಕಳೆದರೆ ಏನು ನಷ್ಟ? ಕಾಲ ಬದಲಾಗಿದೆ, ಮಕ್ಕಳಿಗೆ ಬೇರೆ ಹಾಡುಗಳಿವೆ ಎಂದು ಕೇಳುವವರಿದ್ದಾರೆ. ಉತ್ತರಕ್ಕಾಗಿ ಸ್ವಲ್ಪ ದೂರ, ಶಾಂತ ಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಹೋಗಿಬರೋಣ.

ಹವಾಯಿಯ ಜನಕ್ಕೂ ಮೊದಲು ಲಿಪಿ ಇರಲಿಲ್ಲ. ಅವರ ಪುರಾಣ, ವಂಶಾವಳಿ, ಕಡಲ ದಾರಿಯ ನೆನಪು ಎಲ್ಲವೂ ಹಾಡಿನಲ್ಲಿತ್ತು. ಆ ಹಾಡಿಗೆ ‘ಮೆಲೆ’ ಎಂದು ಹೆಸರು. ಅದಕ್ಕೆ ಕುಣಿಯುವುದು ‘ಹುಲ’. ಗುರುವಿನ ಬಳಿ ಶಿಸ್ತಿನಿಂದ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ ಅದು, ನಮ್ಮ ಕಂಸಾಳೆಯಂತೆಯೇ. 1820ರಲ್ಲಿ ಕ್ರೈಸ್ತ ಪಾದ್ರಿಗಳು ಬಂದ ಮೇಲೆ ಹುಲ ಕೀಳೆಂದು ಎಣಿಸಲ್ಪಟ್ಟು, 1830ರಲ್ಲಿ ಬಹಿರಂಗವಾಗಿ ಕುಣಿಯುವುದಕ್ಕೆ ನಿಷೇಧ ಬಿತ್ತು. ಮುಂದೆ 1874ರಲ್ಲಿ ಪಟ್ಟಕ್ಕೆ ಬಂದ ದೊರೆ ಕಲಾಕೌವ ಅದನ್ನು ಮತ್ತೆ ಅರಮನೆಯ ಅಂಗಳಕ್ಕೆ ತಂದ. 1881ರಲ್ಲಿ ಲೋಕಸಂಚಾರ ಹೊರಟ ಈ ದೊರೆ ನಮ್ಮ ದೇಶಕ್ಕೂ ಬಂದಿದ್ದ. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ಸೃಷ್ಟಿಕಾವ್ಯ ‘ಕುಮುಲಿಪೊ’ವನ್ನು 1889ರಲ್ಲಿ ಅಚ್ಚು ಹಾಕಿಸಿದವನೂ ಅವನೇ.

ಆದರೆ 1893ರಲ್ಲಿ ರಾಜ್ಯ ಉರುಳಿತು. 1896ರ ಕಾನೂನಿನಂತೆ ಶಾಲೆಗಳಲ್ಲಿ ಇಂಗ್ಲಿಷ್ ಒಂದೇ ಮಾಧ್ಯಮವಾಯಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಮಕ್ಕಳು ಮುಂದೆ ಬರಲಿ ಎಂದು ತಂದೆತಾಯಂದಿರೇ ಮನೆಯಲ್ಲಿ ಹವಾಯಿ ಮಾತು ನಿಲ್ಲಿಸಿದರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಆ ಭಾಷೆ ಆಡುವ ಮಕ್ಕಳು ಬೆರಳೆಣಿಕೆಗೆ ಇಳಿದರು. ಮಾತು ಹೋದರೂ ಹಾಡು ಮಾತ್ರ ಅಲ್ಲಲ್ಲಿ ಉಳಿದಿತ್ತು. 1970ರ ದಶಕದಲ್ಲಿ ಯುವಕರು ಹಳೆಯ ಹಾಡುಗಾರರ ಬಳಿಗೆ ಹೋಗಿ ಕೂತರು. ಹಾಡು ಕಲಿತವರಿಗೆ ಅದರ ಅರ್ಥ ಬೇಕಾಯಿತು, ಅರ್ಥಕ್ಕಾಗಿ ಭಾಷೆ ಬೇಕಾಯಿತು. 1978ರಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. 1984ರಲ್ಲಿ ಪುಟಾಣಿಗಳಿಗೆ ಪೂರ್ತಿ ಹವಾಯಿ ಭಾಷೆಯಲ್ಲೇ ಕಲಿಸುವ ಶಿಶುವಿಹಾರ ಬಾಗಿಲು ತೆರೆಯಿತು. ರಾಜಧಾನಿ ಹೊನೊಲುಲುವಿನಲ್ಲಿ 1836ರಲ್ಲಿ ಹುಟ್ಟಿದ ರಾಯಲ್ ಹವಾಯಿಯನ್ ಬ್ಯಾಂಡ್ ಹಳೆಯ ಅರಮನೆಯ ಆವರಣದಲ್ಲಿ ಉಚಿತ ಕಛೇರಿ ನೀಡುವ ಪದ್ಧತಿ ಇಂದಿಗೂ ಇದೆ.

ಹವಾಯಿಯ ಸಂಗೀತ ನಮಗೆ ಅಪರಿಚಿತವೂ ಅಲ್ಲ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ‘ಹವಾಯಿಯನ್ ಗಿಟಾರ್’ ಕಳೆದ ಶತಮಾನದ ಮೊದಲರ್ಧದಲ್ಲೇ ಭಾರತಕ್ಕೆ ಬಂತು. ಹವಾಯಿಯ ಕಲಾವಿದ ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದರು. ಮುಂದೆ ಅದೇ ಜಾಡಿನಲ್ಲಿ ಪಂಡಿತ ವಿಶ್ವಮೋಹನ ಭಟ್ಟರು ಮೋಹನ ವೀಣೆ ರೂಪಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದರು. ಜಾರು ಸ್ವರದ ಗೋಟುವಾದ್ಯ ನಮ್ಮಲ್ಲಿ ಮೊದಲೇ ಇತ್ತಾದ್ದರಿಂದ ಆ ದನಿ ನಮ್ಮ ಕಿವಿಗೆ ಬೇಗ ಒಗ್ಗಿತು.

ಕಥೆ ಹೋಗಿ ಪಲ್ಲವಿ ಉಳಿದಾಗ

ಈಗ ನಮ್ಮ ಊರಿಗೆ ಮರಳೋಣ. ಮಾದಪ್ಪನ ಹಾಡು ಕಣ್ಮರೆಯಾಗಿದೆ ಎಂದರೆ ಅದು ಸುಳ್ಳು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗಣೇಶನ ಮೆರವಣಿಗೆಯ ಭಾರಿ ಧ್ವನಿಪೆಟ್ಟಿಗೆಗಳಲ್ಲಿ ಅದು ಮೊಳಗುತ್ತಲೇ ಇದೆ. ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರದ ಮೂಲಕ 1996ರಲ್ಲಿ ಈ ಸೀಮೆಯ ಹಾಡಿನ ಸೊಗಡು ರಾಜ್ಯದ ಮೂಲೆಮೂಲೆ ಮುಟ್ಟಿತು. ಶಾಲಾ ವಾರ್ಷಿಕೋತ್ಸವದಲ್ಲಿ ಕಂಸಾಳೆ ಕುಣಿತ ಇಲ್ಲದಿದ್ದರೆ ಕಳೆಯೇ ಇಲ್ಲ. ಹುಡುಗಿಯರ ತಂಡಗಳೂ ತಯಾರಾಗಿವೆ. ಸಂತೋಷವೇ.

ಆದರೆ ಈ ಸಂಭ್ರಮದಲ್ಲಿ ಉಳಿದಿರುವುದು ಪಲ್ಲವಿ ಮಾತ್ರ. ರಾತ್ರಿಯಿಡೀ ಹಾಡುವ ಕಥೆ ವೇದಿಕೆಗೆ ಬಂದಾಗ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕುಣಿತ ಉಳಿಯುತ್ತದೆ, ಶಂಕಮ್ಮ ಹೋಗುತ್ತಾಳೆ. ಗತ್ತು ಉಳಿಯುತ್ತದೆ, ಕಲ್ಯಾಣದ ಬಾಗಿಲಲ್ಲಿ ನಿಂತ ಮಂಟೇಸ್ವಾಮಿಯ ಪ್ರಶ್ನೆ ಹೋಗುತ್ತದೆ. ‘ಮಾದಪ್ಪನ ಹಾಡು ಬರುತ್ತದೆಯೇ?’ ಎಂದು ಹುಡುಗರನ್ನು ಕೇಳಿ ನೋಡಿ, ಕೈ ಎತ್ತುವವರು ಬಹಳ. ‘ಶಂಕಮ್ಮ ಯಾರು?’ ಎಂದು ಕೇಳಿ, ಕೈಗಳು ಕೆಳಗಿಳಿಯುತ್ತವೆ.

ಕಥೆಯ ಜೊತೆ ಹೋಗುವುದು ಮಾತು. ‘ಮನೆಗೆ’ ಎನ್ನುವ ಕಡೆ ‘ಮನಗ’ ಎನ್ನುವ, ‘ಕಥೆ’ಯನ್ನು ‘ಕತ’ ಎನ್ನುವ, ಮಗುವನ್ನು ‘ಕೂಸು’ ಎಂದು ಕರೆಯುವ ಚಾಮರಾಜನಗರದ ಕನ್ನಡವನ್ನು ಆಡಲು ನಮ್ಮ ವಿದ್ಯಾರ್ಥಿಗಳು ಮೈಸೂರು, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಅಂಜುತ್ತಾರೆ. ಇದೇ ದಕ್ಷಿಣ ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವ ಅವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ನೀಲಗಾರರ ನಾಲಿಗೆಯ ಮೇಲೆ ಈ ನುಡಿ ಇನ್ನೂ ಬೆಚ್ಚಗಿದೆ.

ವಿದ್ವಾಂಸರು ಕೈಕಟ್ಟಿ ಕೂತಿಲ್ಲ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರು ಹಳ್ಳಿಹಳ್ಳಿ ಅಲೆದು ಈ ಸೀಮೆಯ ಹಾಡುಗಳನ್ನು ಸಂಗ್ರಹಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಾದೇಶ್ವರ ಕಾವ್ಯವನ್ನು ಕೇಶವನ್ ಪ್ರಸಾದ್ ಅವರೂ, ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರೂ ಸಂಪಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಪ್ರಕಟಿಸಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1968ರಲ್ಲೇ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ 2011ರಿಂದ ಇದೆ. ಪುಸ್ತಕ ಕಥೆಯನ್ನು ಕಾಯುತ್ತದೆ, ನಿಜ. ಆದರೆ ಹಾಡುವ ಕೊರಳು ಬೇಕಲ್ಲ?

ಕೊರಳು ಉಳಿಯಬೇಕಾದರೆ

ಕಥೆ ಕೇಳುವವರಿಗೆ ಉಚಿತ. ಹಾಡುವವರಿಗೆ ಅದು ಉಚಿತವಲ್ಲ. ರಾತ್ರಿ ನಿದ್ದೆಗೆಟ್ಟವನು ಬೆಳಿಗ್ಗೆ ಕೂಲಿಗೆ ಹೋಗಬೇಕು, ಹೊಲ ಉಳಬೇಕು. ಮಗನನ್ನು ಗುಡ್ಡನಾಗಿ ಬಿಡುವ ಹರಕೆ ಇಂದು ಎಷ್ಟು ಮನೆಗಳಲ್ಲಿ ಉಳಿದೀತು? ಮಗ ಓದಬೇಕು, ನೌಕರಿ ಹಿಡಿಯಬೇಕು ಎಂದು ಹಾಡುಗಾರನೂ ಆಸೆಪಟ್ಟರೆ ತಪ್ಪೇನಿಲ್ಲ. ಜೋಳಿಗೆಯ ಜೊತೆ ಜಾತಿಯ ಅವಮಾನವನ್ನೂ ಹೊತ್ತು ತಿರುಗಿದ ಮನೆಗಳವರು, ಮಕ್ಕಳಿಗೆ ಅದು ಬೇಡ ಎನ್ನುವುದು ಸಹಜ. ಕಲೆ ಉಳಿಯಲಿ ಎಂದು ಅವರ ಮಕ್ಕಳು ಮಾತ್ರ ಬಡವರಾಗಿ ಉಳಿಯಬೇಕೆಂದು ಬಯಸಲು ನಮಗೇನು ಅಧಿಕಾರ?

ಆದ್ದರಿಂದ ಈ ಹೊರೆಯನ್ನು ಹಂಚಿಕೊಳ್ಳಬೇಕು. ಓದು ಮತ್ತು ಹಾಡು ಒಂದಕ್ಕೊಂದು ಶತ್ರುಗಳಲ್ಲ. ಒಂದು ಸಾಲನ್ನು ಕಂಠಪಾಠ ಮಾಡಿದ ಹುಡುಗನಿಗೆ ಪಾಠ ನೆನಪಿಡುವುದು ಹೊರೆಯಲ್ಲ. ಬೀಸು ಕಂಸಾಳೆ ಕಲಿತ ಹುಡುಗಿಗೆ ಮೈಯ ಹಿಡಿತ, ಜೊತೆಯವರ ಮೇಲಿನ ಗಮನ ತಾನಾಗಿ ಬರುತ್ತದೆ. ಮುಂದೆ ಓದಬೇಕೆನ್ನುವವರಿಗೆ ಜಾನಪದ ಒಂದು ಪದವಿ ವಿಷಯವೂ ಹೌದು.

ಶಾಲೆಗಳು ವಾರ್ಷಿಕೋತ್ಸವದ ಹತ್ತು ಕುಣಿತಗಳಲ್ಲಿ ಎರಡನ್ನು ಬಿಟ್ಟು, ಅಷ್ಟು ಹೊತ್ತು ಊರಿನ ಹಾಡುಗಾರರನ್ನೇ ಕೂರಿಸಿ ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಬಹುದು. ಕರೆಸಿದವರಿಗೆ ಶಾಲು ಹೊದಿಸಿದರೆ ಸಾಲದು, ತಕ್ಕ ಸಂಭಾವನೆ ಕೊಡಬೇಕು. ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲು ಒಳ್ಳೆಯ ಧ್ವನಿಮುದ್ರಣ ಯಂತ್ರವೂ ಹೌದು. ಹಾಡುಗಾರರ ಒಪ್ಪಿಗೆ ಪಡೆದು ಮುದ್ರಿಸಿ, ಅರ್ಥವಾಗದ ಮಾತುಗಳನ್ನು ಪಟ್ಟಿ ಮಾಡಿ ಅಜ್ಜಿಯ ಮುಂದೆ ಕೂತರೆ ರಜೆಯ ಒಂದು ವಾರ ಹೇಗೆ ಕಳೆಯಿತೆಂಬುದೇ ತಿಳಿಯದು. ಗಾಯಕರ ಹೆಸರು, ಊರು, ಗುರುವಿನ ಹೆಸರನ್ನು ಅವರೇ ಹೇಳಿದಂತೆ ಬರೆದಿಡುವುದನ್ನು ಮರೆಯಬಾರದು.

ತಂದೆತಾಯಂದಿರ ಕೆಲಸ ಇನ್ನೂ ಸುಲಭ. ನೆರೆಯ ಬೀದಿಯಲ್ಲಿ ಕಥೆ ಮಾಡಿಸುತ್ತಿದ್ದಾರೆಂದು ತಿಳಿದರೆ, ಬೆಳಿಗ್ಗೆ ಶಾಲೆಯಿದೆ ಎಂದು ಮಕ್ಕಳನ್ನು ಮಲಗಿಸಬೇಡಿ. ಶನಿವಾರದ ರಾತ್ರಿಯಾದರೆ ಇನ್ನೂ ಒಳ್ಳೆಯದು. ಇಡೀ ರಾತ್ರಿ ಆಗದಿದ್ದರೆ ಬೇಡ, ಶಂಕಮ್ಮನ ಸಾಲು ಮುಗಿಯುವವರೆಗೆ ಸಾಕು. ಮಗು ತೂಕಡಿಸಿದರೆ ಮಡಿಲಲ್ಲೇ ಮಲಗಲಿ. ಇಂದಿನ ದೊಡ್ಡ ಹಾಡುಗಾರರಲ್ಲಿ ಎಷ್ಟೋ ಮಂದಿ ಮೊದಲ ಪಾಠ ಕೇಳಿದ್ದು ಹಾಗೆ ಅರೆನಿದ್ದೆಯಲ್ಲಿಯೇ.